ಎಂಟೂ ಯಂತ್ರಗಳು ‘ನಾನೊಬ್ಬನೇ’ ಎಂದಾಗ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರ ಪತ್ರ ಬಂದಾಗ ನನಗೆ ಸಂತೋಷದ ಜೊತೆಗೆ ಸಂಕೋಚವೂ ಆಯಿತು. ನಾನು ಸಾಹಿತಿಯಲ್ಲ. ಗಣಕಯಂತ್ರದ ವಿಷಯವನ್ನು ಪಾಠ ಹೇಳಿಕೊಂಡು ಬಂದ ಒಬ್ಬ ಅಧ್ಯಾಪಕ. ಶಾಲೆಯ ಅಂಗಳ, ಪ್ರಾರ್ಥನೆಯ ಗಂಟೆ, ಶ್ರಾವಣದ ಮಳೆಯಲ್ಲಿ ಸೋರುತ್ತಿದ್ದ ಹೆಂಚು, ಇವುಗಳ ಬಗ್ಗೆ ನನಗಿಂತ ಸೊಗಸಾಗಿ ಬರೆಯಬಲ್ಲ ಸಹಪಾಠಿಗಳು ಅನೇಕರಿದ್ದಾರೆ. ಆದ್ದರಿಂದ ನಾನು ನನ್ನ ಕಸುಬಿನಲ್ಲಿ ಆದ ಒಂದು ತಪ್ಪಿನ ಕಥೆಯನ್ನು ಹೇಳಬಯಸುತ್ತೇನೆ. ಈ ಕಥೆಗೂ ನಮ್ಮ ಶಾಲೆಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಕೊನೆಯವರೆಗೆ ಓದುವ ಸಹನೆಯನ್ನಷ್ಟೇ ಬೇಡುತ್ತೇನೆ.

ಮೊದಲು ನಮ್ಮ ಗಣಿತದ ಮಾಸ್ತರರನ್ನು ನೆನೆಯಬೇಕು. ಎಂಬತ್ತರ ದಶಕದ ಆರಂಭದಲ್ಲಿ ಈ ಶಾಲೆಯಲ್ಲಿ ಓದಿದವರಿಗೆ ಅವರ ಹೆಸರು ಹೇಳಬೇಕಾಗಿಯೇ ಇಲ್ಲ. ಲೆಕ್ಕದ ವಹಿಯ ಬಗ್ಗೆ ಅವರಿಗೆ ಮೂರು ನಿಯಮಗಳಿದ್ದವು. ಪುಟದ ಮೇಲ್ಗಡೆ ತಾರೀಖು ಇರಬೇಕು. ತಪ್ಪಾದುದನ್ನು ರಬ್ಬರಿನಿಂದ ಅಳಿಸಕೂಡದು, ಒಂದೇ ಗೆರೆ ಎಳೆದು ಬಿಡಬೇಕು. ಲೆಕ್ಕ ಮುಗಿದ ಮೇಲೆ ಅದರ ಕೆಳಗೆ ‘ತಾಳೆ’ ಎಂದು ಬರೆದು ಉತ್ತರವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಬೇಕು. ಒಮ್ಮೆ ಅವರು ನನ್ನ ಪಕ್ಕದ ಹುಡುಗನ ಉತ್ತರ ತಪ್ಪೆಂದು ಗದರಿಸಿ ಬೆಂಚಿನ ಮೇಲೆ ನಿಲ್ಲಿಸಿದ್ದರು. ಮರುದಿನ ತರಗತಿಗೆ ಬಂದವರೇ ಯಾರೊಡನೆಯೂ ಮಾತನಾಡದೆ ಫಳ್ಯದ ಮೇಲೆ ತಾರೀಖು ಬರೆದು, ತಾವು ಹಿಂದಿನ ದಿನ ಮಾಡಿದ ಲೆಕ್ಕವನ್ನು ಪೂರ್ತಿ ಬರೆದು, ತಪ್ಪಿದ ಸಾಲಿನ ಮೇಲೆ ಒಂದೇ ಗೆರೆ ಎಳೆದರು. ಆ ಹುಡುಗನ ಕಡೆಗೆ ತಿರುಗಿ, “ನಿಂದ ಬರೋಬರಿ ಇತ್ತಪಾ, ನಂದ ತಪ್ಪಿತ್ತು” ಎಂದರು. ಸಂಜೆಯವರೆಗೂ ಅದನ್ನು ಒರೆಸಲು ಬಿಡಲಿಲ್ಲ. “ತಪ್ಪು ಒರಸಿದರ ಅದು ಎಲ್ಲಿ ಹುಟ್ಟಿತು ಅಂತ ತಿಳಿಯೂದಿಲ್ಲ” ಎಂಬುದು ಅವರ ಮಾತು. ಆಗ ನಮಗೆ ಅದು ಒಂದು ವಿಚಿತ್ರ ಹಟದಂತೆ ಕಂಡಿತ್ತು.

ಇನ್ನು ಗಣಕಯಂತ್ರದ ವಿಷಯ. ಒಂದು ದೊಡ್ಡ ಲೆಕ್ಕವನ್ನು ಹಲವು ಯಂತ್ರಗಳಿಗೆ ಹಂಚಿ ಏಕಕಾಲಕ್ಕೆ ಮಾಡಿಸುವುದನ್ನು ಸಮಾಂತರ ಗಣನೆ ಎನ್ನುತ್ತಾರೆ. ಹೊಲದಲ್ಲಿ ಒಬ್ಬನೇ ಎಂಟು ದಿನ ಮಾಡುವ ಕಳೆಯನ್ನು ಎಂಟು ಜನ ಸೇರಿ ಒಂದೇ ದಿನ ಮುಗಿಸಿದಂತೆ. ಈ ವಿದ್ಯೆಗೆ ನಮ್ಮ ಸೀಮೆ ತೀರ ಹೊರಗಿನದಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1986ರಲ್ಲಿಯೇ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕ ಸಿದ್ಧವಾಗಿತ್ತು. ಅಮೆರಿಕದಿಂದ ಮಹಾಗಣಕಗಳು ಸುಲಭವಾಗಿ ದೊರೆಯದಿದ್ದ ಆ ದಿನಗಳಲ್ಲಿ ಭಾರತ ಸರಕಾರವು 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆಯನ್ನು ಸ್ಥಾಪಿಸಿತು. ಡಾ. ವಿಜಯ ಭಟ್ಕರ್ ಅವರ ನೇತೃತ್ವದಲ್ಲಿ 1991ರಲ್ಲಿ ‘ಪರಮ್ 8000’ ಹೊರಬಂದಿತು. ಒಂದೇ ಮಹಾಬಲಶಾಲಿ ಯಂತ್ರದ ಬದಲು ಹಲವು ಸಣ್ಣ ಸಂಸ್ಕಾರಕಗಳನ್ನು ಜೋಡಿಸಿ ಕೆಲಸ ಮಾಡಿಸಬಹುದೆಂಬುದೇ ಅದರ ಹಿಂದಿನ ತತ್ತ್ವ. ಮಿರಜದಿಂದ ರೈಲು ಹತ್ತಿದರೆ ಪುಣೆಗೆ ಒಂದೇ ಹಗಲಿನ ದಾರಿ. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನವೇ ನಾನು ಈ ವಿಷಯವನ್ನೇ ಕಲಿಯಬೇಕೆಂದು ನಿಶ್ಚಯಿಸಿದೆ. ಸಾಮಾನ್ಯ ಗಣಕಗಳನ್ನೇ ಜೋಡಿಸಿ ಇಂಥ ಕೆಲಸ ಮಾಡಿಸಬಹುದೆಂಬುದನ್ನು 1994ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಎಂಬವರು ‘ಬಿಯೊವುಲ್ಫ್’ ಎಂಬ ಪ್ರಯೋಗದಿಂದ ತೋರಿಸಿಕೊಟ್ಟರು. ಅಂದಿನಿಂದ ನಮ್ಮಂಥ ಊರುಗಳ ಬಡ ಪ್ರಯೋಗಶಾಲೆಗಳಿಗೂ ಈ ಬಾಗಿಲು ತೆರೆದಂತಾಯಿತು.

ಆದರೆ ಯಂತ್ರಗಳನ್ನು ತಂತಿಯಿಂದ ಜೋಡಿಸಿದ ಮಾತ್ರಕ್ಕೆ ಅವು ಕೂಡಿ ದುಡಿಯುವುದಿಲ್ಲ. ಒಂದಕ್ಕೊಂದು ಮಾತನಾಡಬೇಕು. ಆ ಮಾತಿನ ಕಟ್ಟಳೆಗೆ ಎಂಪಿಐ ಎಂದು ಹೆಸರು. ಸಂದೇಶಗಳನ್ನು ಕಳಿಸುವ ಮತ್ತು ಸ್ವೀಕರಿಸುವ ಕ್ರಮವನ್ನು ಗೊತ್ತುಪಡಿಸಿದ ಒಂದು ಪ್ರಮಾಣ. ಅದಕ್ಕೂ ಮೊದಲು ಪ್ರತಿಯೊಂದು ತಯಾರಕನ ಯಂತ್ರಕ್ಕೂ ಅದರದೇ ಆದ ಭಾಷೆ ಇತ್ತು. ಈ ಗೊಂದಲ ಸಾಕಾಗಿ ಹಲವು ಸಂಸ್ಥೆಗಳವರು 1992ರಿಂದ ಕೂಡಿ ಚರ್ಚಿಸಿ 1994ರಲ್ಲಿ ಎಂಪಿಐಯ ಮೊದಲ ಆವೃತ್ತಿಯನ್ನು ಪ್ರಕಟಿಸಿದರು. ಈ ಪ್ರಮಾಣಕ್ಕೆ ಅನುಸಾರವಾಗಿ ಬರೆದ ಸಿದ್ಧ ತಂತ್ರಾಂಶದ ಕಟ್ಟುಗಳಿಗೆ ಲೈಬ್ರರಿ ಎನ್ನುವ ವಾಡಿಕೆ. ಅವುಗಳಲ್ಲಿ ಎರಡು ಪ್ರಸಿದ್ಧವಾಗಿವೆ: ಒಂದು ಎಂಪಿಚ್, ಇನ್ನೊಂದು ಓಪನ್ ಎಂಪಿಐ. ಎರಡೂ ಉಚಿತ; ಎರಡೂ ಉತ್ತಮ. ಬರೆದ ಕ್ರಮವಿಧಿ ಒಂದೇ ಇದ್ದರೂ ಎರಡರಲ್ಲಿ ಯಾವುದರಿಂದ ಬೇಕಾದರೂ ಅದನ್ನು ಸಿದ್ಧಪಡಿಸಬಹುದು. ಆದರೆ ಒಳಗೆ ಸಂದೇಶ ಸಾಗುವ ಬಗೆ ಮಾತ್ರ ಎರಡರಲ್ಲಿ ಬೇರೆ ಬೇರೆ.

ಮಿರಜದವರಿಗೆ ಇದನ್ನು ತಿಳಿಸುವುದು ಸುಲಭ. ನಾವು ಹುಡುಗರಾಗಿದ್ದಾಗ ನಮ್ಮ ಜಂಕ್ಷನ್ನಿನಲ್ಲಿ ಮೂರು ಬಗೆಯ ಹಳಿಗಳು ಕೂಡುತ್ತಿದ್ದವು. ಪುಣೆಯ ಕಡೆಗೆ 1971ರಲ್ಲಿ ಬಂದ ಬ್ರಾಡ್ ಗೇಜು, 1676 ಮಿಲಿಮೀಟರ್ ಅಗಲ. ಬೆಳಗಾವಿ, ಲೋಂಡಾದ ಕಡೆಗೆ ಮೀಟರ್ ಗೇಜು, ಹೆಸರೇ ಹೇಳುವಂತೆ 1000 ಮಿಲಿಮೀಟರ್. ಪಂಢರಪುರ, ಕುರ್ಡುವಾಡಿಯ ಕಡೆಗೆ ನ್ಯಾರೋ ಗೇಜು, 762 ಮಿಲಿಮೀಟರ್. ಎಲ್ಲವೂ ರೈಲೇ, ಟಿಕೀಟು ಕೊಡುವ ಕಿಟಕಿ, ಹಸಿರು ನಿಶಾನೆ, ಗಾರ್ಡನ ಸೀಟಿ ಎಲ್ಲವೂ ಒಂದೇ. ಆದರೆ ಬೆಳಗಾವಿಯಿಂದ ಬಂದ ಡಬ್ಬಿ ಪುಣೆಯ ಹಳಿಯ ಮೇಲೆ ಒಂದು ಹೆಜ್ಜೆಯೂ ಸಾಗದು. ಹಮಾಲರು ಒಂದು ಗಾಡಿಯ ಸರಕನ್ನು ಇಳಿಸಿ ಹೆಗಲ ಮೇಲೆ ಹೊತ್ತು ಇನ್ನೊಂದಕ್ಕೆ ಏರಿಸಬೇಕು. ಮುಂದೆ ಒಂದೊಂದಾಗಿ ಎಲ್ಲ ಮಾರ್ಗಗಳೂ ಬ್ರಾಡ್ ಗೇಜಿಗೆ ಬದಲಾದವು. ಎರಡು ಎಂಪಿಐ ಲೈಬ್ರರಿಗಳ ಸಂಬಂಧವೂ ಹೀಗೆಯೇ: ವೇಳಾಪತ್ರಿಕೆ ಒಂದು, ಗೇಜು ಬೇರೆ.

2019ರ ಆಗಸ್ಟ್ ತಿಂಗಳನ್ನು ಸಾಂಗಲಿಯವರು ಮರೆಯಲಾರರು. ಆಯರ್ವಿನ್ ಸೇತುವೆಯ ಬಳಿ ಅಪಾಯದ ಮಟ್ಟ 45 ಅಡಿ. ಆ ಸಲ ಕೃಷ್ಣೆಯ ನೀರು 57 ಅಡಿಯನ್ನೂ ದಾಟಿತು. ಪೇಟೆ, ಓಣಿ, ಗುಡಿಗಳೆಲ್ಲ ನೀರಿನಲ್ಲಿ ನಿಂತವು. ನೀರು ಇಳಿದ ಮೇಲೆ ಚಹದ ಅಂಗಡಿಗಳಲ್ಲಿ ವಾದ ಏರಿತು: ಮೇಲಿನ ಧರಣದ ನೀರು ಕಾರಣವೋ, ಕೆಳಗಿನ ಆಲಮಟ್ಟಿಯ ಹಿನ್ನೀರು ಕಾರಣವೋ ಎಂದು. ಮರಾಠಿ ನೆರೆಯವರ ನಡುವೆ ಬಾಳುವ ನಮ್ಮಂಥ ಕನ್ನಡ ಮನೆಗಳವರು ಈ ವಾದ ಬಂದಾಗ ಚಹದ ಕಪ್ಪನ್ನು ನೋಡುತ್ತ ಕೂಡುವುದೇ ಹೆಚ್ಚು.

ಆ ವರ್ಷ ನವೆಂಬರದಲ್ಲಿ ನಮ್ಮ ಕಾಲೇಜಿನ ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿ ನನ್ನ ಬಳಿ ಬಂದಳು. ಅವರ ಮನೆ ಸಾಂಗಲಿಯಲ್ಲಿ ನದಿಯ ಸಮೀಪದ ಓಣಿಯಲ್ಲಿ. ನೀರು ಮಾಳಿಗೆಯ ಮೆಟ್ಟಿಲವರೆಗೆ ಏರಿ, ಅವಳ ಮೂರು ವರ್ಷದ ಪುಸ್ತಕಗಳೆಲ್ಲ ಕೆಸರಾಗಿದ್ದವು. “ಸರ್, ಮೇಲೆ ನೀರು ಏರಿದ ಮೇಲೆ ನಮ್ಮ ಓಣಿಗೆ ಬರಲು ಎಷ್ಟು ತಾಸು ಹಿಡಿಯುತ್ತದೆ ಎಂಬುದನ್ನು ಲೆಕ್ಕ ಮಾಡಬಹುದೇ?” ಎಂದು ಮರಾಠಿಯಲ್ಲಿ ಕೇಳಿದಳು. ಧರಣಗಳ ವಾದವನ್ನು ಬಗೆಹರಿಸುವ ಶಕ್ತಿ ನಮ್ಮ ಪುಟ್ಟ ಲೆಕ್ಕಕ್ಕೆ ಇರಲಿಲ್ಲ. ಆದರೆ ಅವಳ ಪ್ರಶ್ನೆ ಸಣ್ಣದು, ನೇರವಾದದ್ದು. ನಾನು ಒಪ್ಪಿದೆ. ಸಾಂಗಲಿಯ ಮೇಲ್ಗಡೆಯಿಂದ, ವಾರಣೆ ಕೂಡುವ ಹರಿಪುರದ ಸಂಗಮವನ್ನು ದಾಟಿ, ಪಂಚಗಂಗೆ ಕೂಡುವ ನರಸೋಬಾವಾಡಿಯವರೆಗಿನ ಪಾತ್ರವನ್ನು ಎಂಟು ತುಂಡು ಮಾಡುವುದು. ಒಂದೊಂದು ತುಂಡಿನ ನೀರಿನ ಲೆಕ್ಕವನ್ನು ಒಂದೊಂದು ಯಂತ್ರಕ್ಕೆ ಕೊಡುವುದು. ಪ್ರತಿ ಹೆಜ್ಜೆಗೂ ಪ್ರತಿ ಯಂತ್ರವು ತನ್ನ ಗಡಿಯಲ್ಲಿರುವ ನೀರಿನ ಮಟ್ಟವನ್ನು ಪಕ್ಕದ ಯಂತ್ರಕ್ಕೆ ತಿಳಿಸಿ, ಅದರ ಗಡಿಯ ಮಟ್ಟವನ್ನು ಕೇಳಿ ತಿಳಿಯಬೇಕು. ಗಡಿಯ ಸುದ್ದಿ ದಾಟದಿದ್ದರೆ ಇಡೀ ನದಿಯ ಲೆಕ್ಕವೇ ಸುಳ್ಳು.

ಪ್ರಯೋಗಶಾಲೆಯ ಮೂಲೆಯಲ್ಲಿ ರದ್ದಿಗೆ ಹಾಕಲು ಇಟ್ಟಿದ್ದ ಎಂಟು ಹಳೆಯ ಗಣಕಗಳನ್ನು ಒರೆಸಿ ಲಿನಕ್ಸ್ ಹಾಕಿದೆವು. ಎಲ್ಲ ಯಂತ್ರಗಳಿಗೂ ಕಾಣುವಂಥ ಒಂದು ಸಮಾನ ಕಡತಕೋಶವನ್ನು ಮೊದಲ ಯಂತ್ರದಲ್ಲಿ ಇಟ್ಟೆವು. ಲಿನಕ್ಸಿನ ಭಂಡಾರದಿಂದ ಓಪನ್ ಎಂಪಿಐಯನ್ನು ಎಂಟರಲ್ಲೂ ಸ್ಥಾಪಿಸುವಂತೆ ಹುಡುಗಿಗೆ ಹೇಳಿ, ಎರಡು ದಿನದಲ್ಲಿ ಮುಗಿಯುವ ಕೆಲಸವೆಂದು ಭರವಸೆ ಕೊಟ್ಟೆ. ಅದು ಮೂರು ವಾರ ತಿಂದಿತು.

ಮೊದಲ ಅಡ್ಡಿ ಕೀಲಿಯದು. ಮುಖ್ಯ ಯಂತ್ರವು ಉಳಿದವನ್ನು ಕರೆಯುವಾಗ ಪ್ರತಿ ಸಲವೂ ಗುಪ್ತಪದ ಕೇಳದಂತೆ ಎಸ್‌ಎಸ್‌ಎಚ್ ಎಂಬ ವ್ಯವಸ್ಥೆಯ ಕೀಲಿಗಳನ್ನು ಹಂಚಿದೆವು. ಏಳು ಯಂತ್ರಗಳು ಒಪ್ಪಿದವು, ಮೂರನೆಯದು ಒಪ್ಪಲಿಲ್ಲ. ಅದೇ ಕೀಲಿ, ಅದೇ ಅಕ್ಷರ. ಕೊನೆಗೆ ತಿಳಿದದ್ದೇನೆಂದರೆ ಆ ಯಂತ್ರದಲ್ಲಿ ಅವಳ ಖಾತೆಯ ಕಡತಕೋಶಕ್ಕೆ ಯಾರು ಬೇಕಾದರೂ ಬರೆಯಬಹುದಾದ ಅನುಮತಿ ಇತ್ತು. ಬಾಗಿಲು ಎಲ್ಲರಿಗೂ ತೆರೆದಿರುವ ಮನೆಯಲ್ಲಿ ಇಟ್ಟ ಕೀಲಿಯನ್ನು ನಂಬಬಾರದೆಂಬುದು ಎಸ್‌ಎಸ್‌ಎಚ್‌ನ ನಿಯಮ. ನ್ಯಾಯವಾದ ನಿಯಮವೇ. ಅನುಮತಿಯನ್ನು ಬಿಗಿಗೊಳಿಸಿದೆವು, ಸರಿಹೋಯಿತು.

ಎರಡನೆಯ ಅಡ್ಡಿ ವಿಳಾಸದ್ದು. ಲಿನಕ್ಸಿನ ಕೆಲವು ಬಗೆಗಳಲ್ಲಿ ಸ್ಥಾಪನೆಯ ಕಾಲಕ್ಕೆ ಯಂತ್ರದ ಹೆಸರಿನ ಮುಂದೆ 127.0.1.1 ಎಂಬ ವಿಳಾಸ ತಾನಾಗಿಯೇ ಬರೆಯಲ್ಪಡುತ್ತದೆ. ಅದರ ಅರ್ಥ ‘ನಾನೇ’ ಎಂದು. ತನ್ನೊಳಗೆ ತಾನು ಮಾತನಾಡಿಕೊಳ್ಳಲು ಅದು ಸರಿ. ಆದರೆ ಇನ್ನೊಬ್ಬರಿಗೆ ಪತ್ರ ಬರೆದು, ‘ಉತ್ತರವನ್ನು ನಮ್ಮ ಮನೆಗೆ ಕಳಿಸಿರಿ’ ಎಂದಷ್ಟೇ ಬರೆದರೆ ಓದಿದವನು ತನ್ನ ಮನೆಯನ್ನೇ ಹುಡುಕುತ್ತಾನೆ. ನಮ್ಮ ಯಂತ್ರಗಳೂ ಹಾಗೆಯೇ ಮಾಡುತ್ತಿದ್ದವು. ಎಂಟೂ ಯಂತ್ರಗಳ ಹೆಸರು ಮತ್ತು ನಿಜವಾದ ವಿಳಾಸಗಳ ಒಂದೇ ಪಟ್ಟಿಯನ್ನು ಎಂಟರಲ್ಲೂ ಬರೆದೆವು.

ಮೂರನೆಯದು ಫೈರ್‌ವಾಲ್ ಎಂಬ ಕಾವಲುಗೋಡೆ. ಹಿಂದೆ ಯಾವುದೋ ಪರೀಕ್ಷೆಗಾಗಿ ಎರಡು ಯಂತ್ರಗಳಲ್ಲಿ ಅದನ್ನು ಹೂಡಿದ್ದುದು ಹಾಗೆಯೇ ಉಳಿದಿತ್ತು. ಎಸ್‌ಎಸ್‌ಎಚ್ ಬರುವ 22ನೆಯ ಬಾಗಿಲು ತೆರೆದಿತ್ತು. ಆದ್ದರಿಂದ ಕರೆ ತಲುಪುತ್ತಿತ್ತು. ಆದರೆ ಎಂಪಿಐ ತನ್ನ ಮಾತುಕತೆಗೆ ಆಗಿಂದಾಗ ಬೇರೆ ಬೇರೆ ಬಾಗಿಲುಗಳನ್ನು ಆರಿಸಿಕೊಳ್ಳುತ್ತದೆ; ಅವೆಲ್ಲ ಮುಚ್ಚಿದ್ದವು. ತೆರೆಯ ಮೇಲೆ ತಪ್ಪಿನ ಸೂಚನೆ ಏನೂ ಇಲ್ಲ. ಕ್ರಮವಿಧಿ ಸುಮ್ಮನೆ ನಿಂತುಬಿಡುತ್ತಿತ್ತು. ನಮ್ಮ ಎಂಟು ಯಂತ್ರಗಳ ಒಳಜಾಲದ ಮಟ್ಟಿಗೆ ಮಾತ್ರ ಬಾಗಿಲುಗಳನ್ನು ತೆರೆದು, ಹೊರಗಿನವರಿಗೆ ಮುಚ್ಚಿಟ್ಟೆವು.

ಇಷ್ಟಾದ ಮೇಲೆ ‘ಎಂಪಿಐರನ್’ ಆಜ್ಞೆಯ ಮೂಲಕ ಪ್ರತಿಯೊಂದು ಯಂತ್ರಕ್ಕೂ ನಿನ್ನ ಹೆಸರು ಹೇಳು ಎಂದರೆ ಎಂಟೂ ತಮ್ಮ ತಮ್ಮ ಹೆಸರು ಹೇಳಿದವು. ನಾನು ಗೆದ್ದೆವೆಂದುಕೊಂಡೆ. ನದಿಯ ಲೆಕ್ಕವನ್ನು ಹೂಡಿದೆವು. ಒಂದು ಯಂತ್ರದಲ್ಲಿ ಒಂದು ರಾತ್ರಿ ಹಿಡಿಯುತ್ತಿದ್ದ ಲೆಕ್ಕ ಎಂಟು ಯಂತ್ರಗಳಲ್ಲಿಯೂ ಒಂದು ರಾತ್ರಿಯೇ ಹಿಡಿಯಿತು. ಉತ್ತರವೂ ಅದೇ. ತಪ್ಪೆಂದು ಹೇಳುವ ಒಂದು ಸಾಲೂ ಇಲ್ಲ. ಆಗ ಎಂಪಿಐ ಕಲಿಯುವವರೆಲ್ಲ ಮೊದಲು ಬರೆಯುವ ಸಣ್ಣ ಪರೀಕ್ಷಾ ಕ್ರಮವಿಧಿಯನ್ನು ಓಡಿಸಿದೆವು. ಅದರಲ್ಲಿ ಪ್ರತಿ ಯಂತ್ರವೂ ತನ್ನ ಕ್ರಮಾಂಕವನ್ನೂ ಒಟ್ಟು ಸಂಖ್ಯೆಯನ್ನೂ ಹೇಳುತ್ತದೆ. ಎಣಿಕೆ ಸೊನ್ನೆಯಿಂದ ಆರಂಭ. ‘ನಾನು 0, ಒಟ್ಟು 8’, ‘ನಾನು 1, ಒಟ್ಟು 8’, ಹೀಗೆ ‘ನಾನು 7, ಒಟ್ಟು 8’ ಎಂಬವರೆಗೆ ಎಂಟು ಸಾಲು ಬರಬೇಕು. ನಮಗೆ ಬಂದದ್ದು ಎಂಟು ಸಾಲೇ. ಆದರೆ ಎಂಟೂ ಸಾಲು ಒಂದೇ: ‘ನಾನು 0, ಒಟ್ಟು 1’.

ಅಂದರೆ ಎಂಟೂ ಯಂತ್ರಗಳು ಎದ್ದಿದ್ದವು, ದುಡಿಯುತ್ತಿದ್ದವು. ಆದರೆ ಪ್ರತಿಯೊಂದೂ ಜಗತ್ತಿನಲ್ಲಿ ತಾನೊಂದೇ ಇದ್ದೇನೆಂದು ತಿಳಿದಿತ್ತು. ಪಕ್ಕದಲ್ಲಿ ಯಾರೂ ಇಲ್ಲವೆಂದು ತಿಳಿದ ಮೇಲೆ ಇಡೀ ನದಿಯನ್ನು ಪ್ರತಿಯೊಂದೂ ತಾನೇ ಹೊತ್ತು ಲೆಕ್ಕ ಮಾಡುತ್ತಿತ್ತು.

ಹೊರಗಿನ ಪರೀಕ್ಷಕರು ಬರುವ ದಿನ ಹತ್ತಿರ ಬಂದಿತ್ತು. ನಾನು ಮೂರು ಸಂಜೆ ತಂತಿ, ಸ್ವಿಚ್ಚು, ವಿಳಾಸಗಳನ್ನೆಲ್ಲ ಮತ್ತೆ ನೋಡಿದೆ. ಏನೂ ಸಿಗಲಿಲ್ಲ. ನಾಲ್ಕನೆಯ ದಿನ ಎಲ್ಲ ವಿದ್ಯಾರ್ಥಿಗಳ ಎದುರಿನಲ್ಲಿ ಆ ಹುಡುಗಿಯ ಮೇಲೆ ಹರಿಹಾಯ್ದೆ. ಹೇಳಿದಷ್ಟನ್ನೇ ಮಾಡದೆ ಏನೋ ಬದಲಿಸಿದ್ದೀಯೆ, ಸ್ಥಾಪನೆಯನ್ನು ಕೆಡಿಸಿ ಈಗ ಬಾಯಿ ಬಿಡುತ್ತಿಲ್ಲ, ಇಷ್ಟು ಅಜಾಗರೂಕತೆ ಇದ್ದವರು ಈ ವಿಷಯಕ್ಕೆ ಕೈಹಾಕಬಾರದು ಎಂದೆಲ್ಲ ಅಂದೆ. ಅವಳು ಒಂದು ಮಾತು ಆಡಲಿಲ್ಲ. ಕೈಯಲ್ಲಿದ್ದ ವಹಿಯನ್ನು ನನ್ನ ಮೇಜಿನ ಮೇಲೆ ಇಟ್ಟು ಹೊರಟುಹೋದಳು. ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ.

ಎರಡನೆಯ ದಿನ ಸಂಜೆ ಪ್ರಯೋಗಶಾಲೆ ಖಾಲಿಯಾದ ಮೇಲೆ ನಾನು ಆ ವಹಿಯನ್ನು ತೆರೆದೆ. ಮೊದಲ ಪುಟದಲ್ಲಿಯೇ ಕೈ ನಿಂತಿತು. ಪುಟದ ಮೇಲ್ಗಡೆ ತಾರೀಖು. ತಪ್ಪಿದ ಆಜ್ಞೆಗಳ ಮೇಲೆ ಒಂದೇ ಗೆರೆ. ಎಲ್ಲಿಯೂ ಅಳಿಸಿದ ಗುರುತಿಲ್ಲ. ಪ್ರತಿ ಕೆಲಸದ ಕೆಳಗೆ ‘ತಾಳೆ’. ಬರೆದದ್ದೆಲ್ಲ ಕನ್ನಡದಲ್ಲಿ.

ಮೂರು ವಾರ ನಾನು ಆ ಹುಡುಗಿಯೊಡನೆ ಮರಾಠಿಯಲ್ಲಿ ಮಾತನಾಡಿದ್ದೆ. ಪಾಠವನ್ನು ಇಂಗ್ಲಿಷಿನಲ್ಲಿ ಹೇಳಿದ್ದೆ. ಅವಳ ಹೆಸರಾಗಲಿ ಅಡ್ಡಹೆಸರಾಗಲಿ ಏನನ್ನೂ ಸೂಚಿಸುವಂತಿರಲಿಲ್ಲ. ನಾನೂ ನನ್ನ ಮನೆಮಾತನ್ನು ಕಾಲೇಜಿನಲ್ಲಿ ತೋರಿಸಿಕೊಳ್ಳುವವನಲ್ಲ. ಅದನ್ನು ಯಾರೂ ಬೇಡವೆಂದಿಲ್ಲ. ಹಾಗೆ ರೂಢಿಯಾಗಿಬಿಟ್ಟಿತ್ತು, ಅಷ್ಟೆ.

ಕೊನೆಯ ಪುಟದಲ್ಲಿ ಹೀಗೆ ಬರೆದಿತ್ತು: ‘ಎಂಟೂ ಯಂತ್ರಗಳು ತಮ್ಮನ್ನು ಒಂಟಿ ಎಂದುಕೊಂಡಿವೆ. ಕರೆಯುವವರು ಬೇರೆ, ಮಾತು ಕಲಿಸಿದವರು ಬೇರೆ ಇರಬಹುದೇ? ಮೇಕ್‌ಫೈಲಿನ 3ನೆಯ ಸಾಲಿನಲ್ಲಿ ಹಳೆಯ ದಾರಿ ಇದೆ. ಅದು ಸರ್ ಬರೆದದ್ದು. ಸರ್ ಅವರನ್ನು ಕೇಳಬೇಕು.’ ಅದರ ಕೆಳಗೆ ‘ತಾಳೆ’ ಎಂದು ಬರೆದು ಮುಂದೆ ಜಾಗವನ್ನು ಖಾಲಿ ಬಿಟ್ಟಿತ್ತು.

ಮೇಕ್‌ಫೈಲ್ ಎಂದರೆ ಕ್ರಮವಿಧಿಯನ್ನು ಯಾವ ಸಲಕರಣೆಯಿಂದ ಹೇಗೆ ಸಿದ್ಧಪಡಿಸಬೇಕೆಂದು ಹೇಳುವ ಚೀಟಿ. ಹಿಂದಿನ ವರ್ಷದ ಒಂದು ಪ್ರಾತ್ಯಕ್ಷಿಕೆಗಾಗಿ ನಾನೇ ಎಂಪಿಚ್ ಲೈಬ್ರರಿಯನ್ನು ಆ ಸಮಾನ ಕಡತಕೋಶದಲ್ಲಿ ಸ್ಥಾಪಿಸಿ, ಅದರ ಪೂರ್ಣ ದಾರಿಯನ್ನು ಮೇಕ್‌ಫೈಲಿನ ಮೂರನೆಯ ಸಾಲಿನಲ್ಲಿ ಕೈಯಾರೆ ಬರೆದಿದ್ದೆ. ಆಮೇಲೆ ಮರೆತೆ. ಅದೇ ಚೀಟಿಯನ್ನು ಹುಡುಗಿಗೆ ಕೊಟ್ಟೆ. ಅವಳು ನಾನು ಹೇಳಿದಂತೆಯೇ ಓಪನ್ ಎಂಪಿಐ ಸ್ಥಾಪಿಸಿದ್ದಳು. ಹೀಗಾಗಿ ಕ್ರಮವಿಧಿ ಸಿದ್ಧವಾದದ್ದು ಎಂಪಿಚ್‌ನಿಂದ. ಅದನ್ನು ಎಂಟು ಯಂತ್ರಗಳಲ್ಲಿ ಎಬ್ಬಿಸುತ್ತಿದ್ದ ಎಂಪಿಐರನ್ ಓಪನ್ ಎಂಪಿಐಯದು. ಎದ್ದ ಕ್ರಮವಿಧಿ ತನ್ನ ಭಾಷೆಯಲ್ಲಿ ಯಾರಾದರೂ ಕರೆಯುತ್ತಾರೆಯೇ ಎಂದು ಕಿವಿಗೊಟ್ಟಿತು. ಕರೆ ಬೇರೆ ಭಾಷೆಯಲ್ಲಿ ಬಂದದ್ದರಿಂದ ಅದಕ್ಕೆ ಕೇಳಿಸಲಿಲ್ಲ. ಯಾರೂ ಇಲ್ಲವೆಂದುಕೊಂಡು ತನ್ನನ್ನು ಸೊನ್ನೆಯೆಂದೂ ಒಟ್ಟು ಒಂದೆಂದೂ ಎಣಿಸಿತು. ಹೆಸರು ಹೇಳಿಸಿದ ಪರೀಕ್ಷೆಯಲ್ಲಿ ಎಲ್ಲ ಸರಿಯಿದ್ದುದಕ್ಕೆ ಕಾರಣವೂ ಇದೇ. ಹೆಸರು ಹೇಳುವುದಕ್ಕೆ ಎಂಪಿಐ ಬೇಕಾಗುವುದಿಲ್ಲ, ಎಬ್ಬಿಸಿದರೆ ಸಾಕು.

ಹುಡುಗಿ ಖಾಲಿ ಬಿಟ್ಟಿದ್ದ ತಾಳೆಯನ್ನು ನಾನು ನೋಡಿದೆ. ‘ವಿಚ್’ ಎಂಬ ಆಜ್ಞೆ ಎಂಪಿಐರನ್ ಯಾವ ಜಾಗದಿಂದ ಬರುತ್ತಿದೆಯೆಂದು ಹೇಳಿತು. ‘ಎಲ್‌ಡಿಡಿ’ ಎಂಬ ಆಜ್ಞೆ ಸಿದ್ಧ ಕ್ರಮವಿಧಿಯು ಯಾವ ಲೈಬ್ರರಿಯನ್ನು ಎಳೆದುಕೊಳ್ಳುತ್ತಿದೆಯೆಂದು ಹೇಳಿತು. ಎರಡೂ ದಾರಿಗಳು ಬೇರೆ ಬೇರೆಯಾಗಿದ್ದವು. ಮೂರು ವಾರದ ಒಗಟು ಎರಡು ಆಜ್ಞೆಗಳಲ್ಲಿ ಬಿಚ್ಚಿತು. ತಪ್ಪು ಯಂತ್ರದ್ದಲ್ಲ, ಲೈಬ್ರರಿಯದಲ್ಲ, ಹುಡುಗಿಯದಂತೂ ಅಲ್ಲ, ನನ್ನದೇ ಕೈಬರಹ. ಅಷ್ಟು ದಿನ ನಾನು ನೋಡದೆ ಬಿಟ್ಟಿದ್ದ ಕಡತವೂ ಅದೊಂದೇ, ಏಕೆಂದರೆ ಅದನ್ನು ಬರೆದವನು ನಾನು.

ಮರುದಿನ ಅವಳ ಮನೆಗೆ ಹೋದೆ. ಓಣಿಯ ಗೋಡೆಗಳ ಮೇಲೆ ನೆರೆಯ ನೀರಿನ ಗೆರೆ ಇನ್ನೂ ಆಳೆತ್ತರದಲ್ಲಿ ಕಾಣುತ್ತಿತ್ತು. ಬಾಗಿಲಿಗೆ ಬಂದ ಅವಳ ತಾಯಿ ಮರಾಠಿಯಲ್ಲಿ ಒಳಗೆ ಕರೆದರು. ನಾನು ಕನ್ನಡದಲ್ಲಿ, “ನಿಮ್ಮ ಮಗಳ ವಹಿ ಕೊಡಾಕ ಬಂದೀನ್ರೀ” ಎಂದೆ. ಒಳಗಿನಿಂದ ಹುಡುಗಿ ಬಂದು ದಿಗಿಲಾಗಿ ನಿಂತಳು.

“ತಪ್ಪು ನಂದ ಐತಿ, ತಂಗಿ. ಮೂರನೇ ಸಾಲು ನೀ ಬರೋಬರಿ ಹಿಡದಿದ್ದಿ” ಎಂದೆ.

ಅವಳು ತಲೆ ತಗ್ಗಿಸಿದಳು.

“ಈ ವಹಿ ಬರಿಯೂ ರೀತಿ ಎಲ್ಲಿ ಕಲ್ತಿ?”

“ಮಿರಜದ ನಮ್ಮ ಕನ್ನಡ ಸಾಲ್ಯಾಗ್ರೀ ಸರ್. ನಮ್ಮ ಅಜ್ಜನ ಮನಿ ಅಲ್ಲೇ ಐತ್ರಿ. ಅಲ್ಲಿ ಹಿಂದಕ ಒಬ್ಬರು ಮಾಸ್ತರ ಹಿಂಗ ಕಲಿಸ್ತಿದ್ದರಂತ. ಅವರ ಕೈಯಾಗ ಕಲಿತ ಬಾಯಿಯವರು ನಮಗ ಕಲಿಸಿದರು.”

ನನಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ. “ಅಲ್ಲವಾ, ನೀ ನಮ್ಮ ಸಾಲಿಯಾಕಿ ಅಂತ ಮೊದಲ ಹೇಳಬಾರದಾಗಿತ್ತೇನು?” ಎಂದೆ.

“ನೀವೂ ಹೇಳಲಿಲ್ಲಲ್ರೀ ಸರ್” ಎಂದಳು.

ಅವಳ ತಾಯಿ ಚಹ ತಂದರು. ಆ ಚಹದ ಕಪ್ಪನ್ನು ಹಿಡಿದು ಕುಳಿತಾಗ ನನಗೆ ಹೊಳೆದದ್ದು ಇಷ್ಟೇ: ಒಂದೇ ಕೋಣೆಯಲ್ಲಿ, ಒಂದೇ ಕೆಲಸದಲ್ಲಿ, ಒಂದೇ ಗುರುವಿನ ವಿದ್ಯೆಯಿಂದ ದುಡಿಯುತ್ತಿದ್ದ ಇಬ್ಬರು ಮೂರು ವಾರ ‘ನಾನು ಸೊನ್ನೆ, ಒಟ್ಟು ಒಂದು’ ಎಂದುಕೊಂಡೇ ಕಳೆದಿದ್ದೆವು. ಅವಳಿಗೆ ಕನ್ನಡದಲ್ಲಿ ಕೇಳುವ ಸಲುಗೆ ಇದ್ದಿದ್ದರೆ ‘ಸರ್, ಆ ಮೂರನೆಯ ಸಾಲು ಯಾತರದು?’ ಎಂದು ಮೊದಲ ವಾರವೇ ಕೇಳುತ್ತಿದ್ದಳೋ ಏನೋ.

ಮರುದಿನ ತರಗತಿಯಲ್ಲಿ, ಯಾರೆದುರು ಅವಳನ್ನು ಗದರಿಸಿದ್ದೆನೋ ಅವರೆದುರಿನಲ್ಲಿಯೇ, ಫಳ್ಯದ ಮೇಲೆ ತಾರೀಖು ಬರೆದು, ನನ್ನ ಆ ಮೂರನೆಯ ಸಾಲನ್ನು ಪೂರ್ತಿ ಬರೆದು, ಅದರ ಮೇಲೆ ಒಂದೇ ಗೆರೆ ಎಳೆದೆ. ತಪ್ಪು ನನ್ನದು, ಅದನ್ನು ಕಂಡುಹಿಡಿದವಳು ಇವಳು ಎಂದು ಮರಾಠಿಯಲ್ಲಿ ಹೇಳಿದೆ. ಸಂಜೆಯವರೆಗೆ ಅದನ್ನು ಒರೆಸಬಾರದೆಂದು ಸಿಪಾಯಿಗೂ ಹೇಳಿದೆ. ನಲವತ್ತು ವರ್ಷದ ಹಿಂದೆ ಮಾಸ್ತರರು ಹಾಗೆ ಮಾಡಿದ್ದು ಎಷ್ಟು ಕಷ್ಟದ ಕೆಲಸವೆಂಬುದು ನನಗೆ ಅಂದೇ ತಿಳಿದದ್ದು.

ಆ ಸಾಲನ್ನು ತಿದ್ದಿ ಕ್ರಮವಿಧಿಯನ್ನು ಮತ್ತೆ ಸಿದ್ಧಪಡಿಸಿ ಓಡಿಸಿದಾಗ ‘ನಾನು 0, ಒಟ್ಟು 8’ ಎಂಬುದರಿಂದ ‘ನಾನು 7, ಒಟ್ಟು 8’ ಎಂಬವರೆಗೆ ಎಂಟೂ ಬಂದವು. ಅವು ಕ್ರಮವಾಗಿ ಬರಲಿಲ್ಲ. ಯಾರ ಮಾತು ಮೊದಲು ತಲುಪಿತೋ ಅವರದು ಮೊದಲು. ತರಗತಿಯಲ್ಲಿ ಹಾಜರಿ ಕೇಳಿದ ಕೂಡಲೇ ಹುಡುಗರು ಒಟ್ಟಿಗೆ ಕೂಗಿಕೊಂಡಂತೆ ಇತ್ತು. ಒಂದು ರಾತ್ರಿಯ ಲೆಕ್ಕ ಸುಮಾರು ಎರಡು ತಾಸಿಗೆ ಇಳಿಯಿತು. ಎಂಟು ಯಂತ್ರಗಳಿಂದ ಎಂಟು ಪಟ್ಟು ವೇಗ ಬರಲಿಲ್ಲವೇಕೆಂದು ಪರೀಕ್ಷಕರು ಕೇಳಿದರು. ಹುಡುಗಿ ಜೀನ್ ಆಮ್ಡಾಲ್ 1967ರಲ್ಲಿ ಮಂಡಿಸಿದ ವಾದವನ್ನು ವಿವರಿಸಿದಳು: ಕೆಲಸದಲ್ಲಿ ಹತ್ತನೆಯ ಒಂದು ಪಾಲು ಹಂಚಲಾಗದಂಥದಿದ್ದರೆ ಎಂಟು ಯಂತ್ರಗಳಿಂದ ಐದು ಪಟ್ಟು ವೇಗವೂ ಬರುವುದಿಲ್ಲ, ಎಷ್ಟೇ ಯಂತ್ರ ಕೂಡಿಸಿದರೂ ಹತ್ತು ಪಟ್ಟನ್ನು ಮೀರುವುದಿಲ್ಲ. ಪರೀಕ್ಷಕರು ತಲೆದೂಗಿದರು.

ನಮ್ಮ ಲೆಕ್ಕ ಸಾಂಗಲಿಯನ್ನು ಯಾವ ನೆರೆಯಿಂದಲೂ ಉಳಿಸಿಲ್ಲ. ವಿದ್ಯಾರ್ಥಿಗಳ ಅಭ್ಯಾಸದ ಕೆಲಸವದು. ಆ ಹುಡುಗಿ ಮಾತ್ರ ಮುಂದೆ ಇದೇ ವಿಷಯವನ್ನು ಹಿಡಿದು ಹೆಚ್ಚಿನ ಓದಿಗೆ ಬೆಂಗಳೂರಿಗೆ ಹೋದಳು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಎಂಬ ಮಹಾಗಣಕ ಆರಂಭವಾದ ಸುದ್ದಿ ಬಂದ ದಿನ ಅವಳ ದೂರವಾಣಿ ಕರೆ ಬಂದಿತು. “ಸರ್, ಇಷ್ಟು ದೊಡ್ಡ ಯಂತ್ರದಾಗನೂ ಮೊದಲ ನೋಡೂದು ‘ವಿಚ್’ ಮತ್ತ ‘ಎಲ್‌ಡಿಡಿ’ನ ಅಲ್ಲೇನ್ರೀ?” ಎಂದು ನಕ್ಕಳು. ನಾನು ಹೌದೆಂದೆ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಹಲವರು ಸಾಂಗಲಿ, ಕೊಲ್ಲಾಪುರ, ಪುಣೆ, ಮುಂಬಯಿಗಳ ಕಚೇರಿ, ಬ್ಯಾಂಕು, ದವಾಖಾನೆ, ಕಾರಖಾನೆಗಳಲ್ಲಿ ಹಂಚಿಹೋಗಿದ್ದೇವೆ. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ನೆರೆಹೊರೆಯ ಭಾಷೆ. ಅದರ ಮೇಲೆ ನಮಗೆ ಪ್ರೀತಿಯೇ ಇದೆ. ಆದರೆ ಪಕ್ಕದ ಮೇಜಿನವರು, ಎದುರಿನ ಮನೆಯವರು ನಮ್ಮ ಶಾಲೆಯ ಅಂಗಳದಿಂದಲೇ ಬಂದವರಾಗಿರಬಹುದು. ಒಂದು ಸಲ ಕೇಳಿ ನೋಡಿರಿ. ಒಟ್ಟು ಸಂಖ್ಯೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಇರುತ್ತದೆ.

ಗಣಿತದ ಮಾಸ್ತರರು ಈಗ ನಮ್ಮೊಡನಿಲ್ಲ. ಅವರು ಕಲಿಸಿದ ‘ತಾಳೆ’ ಅವರನ್ನು ಕಂಡೇ ಇರದ ಒಬ್ಬ ಹುಡುಗಿಯ ವಹಿಯಲ್ಲಿ ನನಗೆ ಮರಳಿ ಸಿಕ್ಕಿತು. ಐವತ್ತು ವರ್ಷ ತುಂಬಿದ ನಮ್ಮ ಶಾಲೆಗೆ ನನ್ನ ವಂದನೆಗಳು. ನೂರು ತುಂಬುವ ಹೊತ್ತಿಗೆ ಇನ್ನೆಷ್ಟೋ ವಹಿಗಳಲ್ಲಿ ಆ ಒಂದೇ ಗೆರೆ ಮುಂದುವರಿದಿರಲಿ ಎಂದು ಹಾರೈಸುತ್ತೇನೆ.